ಲವಂಗದ ವಾಸನೆಯ ಕಾರು

ಸೆಪ್ಟೆಂಬರ್ 9, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಎರಡು ಸಲ ಬರೆಯಲು ಕುಳಿತೆ. ಎರಡು ಸಲವೂ ನಿನ್ನ ಅಮ್ಮ ಬಂದು "ಏನ್ರೀ ಅಷ್ಟು ಬರೀತಿದ್ದೀರಿ?" ಎಂದಳು, ಪೆನ್ನು ಮುಚ್ಚಿದೆ. ಇವತ್ತು ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೆಲಸ ಮಾಡಿದ ಹಳೆಯ ಗೆಳತಿಯ ಮನೆಗೆ ಹೋಗಿದ್ದಾಳೆ. ಅಲ್ಲಿ ಮಾತು ಅಷ್ಟು ಬೇಗ ಕಟ್ ಆಗುವುದಿಲ್ಲ, ಸಂಜೆಯವರೆಗೆ ಮನೆಯೆಲ್ಲ ನನ್ನದೇ.

ನಿನ್ನ ಹೊಸ ಕಾರು ಚೆನ್ನಾಗಿದೆ. ಆದರೆ ನೀನು ಬರೆದಿದ್ದೀಯ: "ಪಕ್ಕದಲ್ಲಿ ಕೂತರೆ ಅಮ್ಮ ಪ್ರತಿ ತಿರುವಿನಲ್ಲೂ ಎಡಗಾಲಲ್ಲಿ ನೆಲ ಒತ್ತುತ್ತಾಳೆ. ನಾನು ಓಡಿಸೋದು ಅಷ್ಟು ಭಯವಾ?" ಅದು ಭಯವಲ್ಲ ಮಗಳೇ. ಅವಳು ಕ್ಲಚ್ ಒತ್ತುತ್ತಿದ್ದಾಳೆ.

ನಮ್ಮ ಮೊದಲ ಕಾರನ್ನು ಹಲ್ಲಿನ ಡಾಕ್ಟರೊಬ್ಬರಿಂದ ಕೊಂಡಿದ್ದೆವು. ಎಷ್ಟು ತೊಳೆದರೂ ಲವಂಗದೆಣ್ಣೆಯ ವಾಸನೆ ಹೋಗಲಿಲ್ಲ. ಹತ್ತಿದವರೆಲ್ಲ ತಮಗೆ ಗೊತ್ತಿಲ್ಲದೆಯೇ ದವಡೆ ಹಿಡಿದುಕೊಂಡು ಕೂರುತ್ತಿದ್ದರು. ಎಡಗಡೆಯ ಬಾಗಿಲು ತಿರುವಿನಲ್ಲಿ ತಾನೇ ತೆರೆದುಕೊಳ್ಳುತ್ತಿತ್ತು. ನಿನ್ನ ಚಿಕ್ಕಪ್ಪ ಒಮ್ಮೆ ಮಾತಾಡುತ್ತಾ ಮಾತಾಡುತ್ತಾ ಇಳಿದೇ ಹೋದ. ಪುಣ್ಯಕ್ಕೆ ಕಾರು ಅವನ ನಡಿಗೆಗಿಂತ ನಿಧಾನವಾಗಿತ್ತು. ವಾಕ್ಯ ಮುಗಿಸಿ ಮತ್ತೆ ಹತ್ತಿದ.

ಡ್ರೈವಿಂಗ್ ಪರೀಕ್ಷೆಗೆ ನಾನೂ ನಿನ್ನ ಅಮ್ಮನೂ ಒಟ್ಟಿಗೇ ಹೋದೆವು. ಅವಳು ಮೊದಲ ಸಲಕ್ಕೇ ಪಾಸಾದಳು. ನಾನು ಹಿಂದಕ್ಕೆ ತೆಗೆಯುವಾಗ ಪರೀಕ್ಷೆ ಮಾಡುವವರ ಸೈಕಲ್ ಮೇಲೆ ಹತ್ತಿಸಿದೆ. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ಕನ್ನಡಕದ ಅಂಗಡೀಲಿ ಗಾಜು ಉಜ್ಜೋದು ಸಾರ್" ಎಂದೆ. "ಒಂದು ನಿಮಗೂ ಮಾಡ್ಕೊಳ್ಳಿ" ಎಂದರು. ಮೂರನೆಯ ಸಲಕ್ಕೆ ಪಾಸು ಮಾಡಿದ್ದು, ನನ್ನ ಮುಖ ಮತ್ತೆ ನೋಡಬಾರದೆಂದೇ ಇರಬೇಕು.

ಈಗ ಅಸಲು ವಿಷಯ. ನೀನು ಹುಟ್ಟಿದ ದಿನ ನಾನು ಕಾರನ್ನು ಬಾಣದ ಹಾಗೆ ಆಸ್ಪತ್ರೆಗೆ ಓಡಿಸಿದ ಕಥೆಯನ್ನು ನೂರು ಸಲ ಕೇಳಿದ್ದೀಯ. ಅದರಲ್ಲಿ ಕಾರು ನಿಜ, ಆಸ್ಪತ್ರೆ ನಿಜ.

ಬೆಳಿಗ್ಗೆ ಒಂಬತ್ತರ ಹೊತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೆ. ಏರು ರಸ್ತೆಯಲ್ಲಿ ಇಂಜಿನ್ ಮೂರು ಸಲ ಆಫ್ ಆಯಿತು, ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಬ್ರೆಡ್ಡಿನ ವ್ಯಾನಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದ.

"ರೀ, ಇಳೀರಿ" ಎಂದಳು.

"ಯಾಕೆ?"

"ನಾನು ಓಡಿಸ್ತೀನಿ. ನೀವು ಓಡಿಸಿದ್ರೆ ಈ ಮಗು ಇಲ್ಲೇ ಹುಟ್ಟಿ, ಇಲ್ಲಿಂದಲೇ ಶಾಲೆಗೂ ಹೋಗುತ್ತೆ."

ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಿದರೂ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಆದರೂ ಒಂದೇ ಏಟಿಗೆ ಏರು ಹತ್ತಿಸಿದಳು. ನೋವು ಬಂದಾಗಲೆಲ್ಲ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಣ್ಣು ಮುಚ್ಚಿ, ಎಕ್ಸ್‌ಚೇಂಜಿನ ದನಿಯಲ್ಲಿ ನಿನಗೆ ಹೇಳುತ್ತಿದ್ದಳು: "ದಯವಿಟ್ಟು ಕಾಯಿರಿ, ಲೈನ್ ಬಿಜಿ ಇದೆ." ನೀನು ಕಾದೆ. ದೊಡ್ಡವರ ಮಾತನ್ನು ನೀನು ಕೇಳಿದ್ದು ಅದೊಂದೇ ಸಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಗಾಲಿಕುರ್ಚಿ ತಂದವರು ನೇರ ನನ್ನ ಹತ್ತಿರ ಬಂದರು. ಹಿಂದಿನ ಸೀಟಿನಲ್ಲಿ ಬಿಳುಚಿಕೊಂಡು, ಬೆವರುತ್ತಾ, ಅಳುತ್ತಾ ಕೂತಿದ್ದವನು ನಾನೇ ತಾನೆ!

ಸಂಜೆ ನಿನ್ನ ಅಜ್ಜಿ "ಹೇಗಪ್ಪಾ ಬಂದ್ರಿ?" ಎಂದು ಕೇಳಿದಾಗ, "ನಾನೇ ಓಡಿಸ್ಕೊಂಡು ಬಂದೆ ಅತ್ತೆ" ಎಂದುಬಿಟ್ಟೆ. ನಿನ್ನ ಅಮ್ಮ ಮಂಚದಿಂದ ನನ್ನನ್ನೊಮ್ಮೆ ನೋಡಿ, "ಹೌದಮ್ಮ, ಚೆನ್ನಾಗಿ ಓಡಿಸಿದ್ರು" ಎಂದಳು. ಅವತ್ತಿನಿಂದ ಇವತ್ತಿನವರೆಗೆ ಅವಳು ಆ ಸುಳ್ಳನ್ನು ನನಗೇ ಬಿಟ್ಟುಕೊಟ್ಟಿದ್ದಾಳೆ.

ಟೈರಿನ ಗಾಳಿ ನೋಡಿಕೊಳ್ಳುತ್ತಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ಹೋದ ದಾರಿಯೆಲ್ಲ ನಿನಗೆ ಸುಖವಾಗಿರಲಿ, ನೂರು ಕಾಲ ಬಾಳು.

ನಿನ್ನ
ಅಪ್ಪ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆಗ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿತ್ತು. ನಿನಗೆ ಎಂಟು ತಿಂಗಳಿರುವಾಗ ಅವಳ ಹೆಸರಿಗೆ ಆ ನೋಟೀಸು ಬಂತು. ಆಗ ಸಂಜೆ ನನ್ನನ್ನು ಕರೆದೊಯ್ಯಲು ಅಂಗಡಿಗೆ ಕಾರು ತರುತ್ತಿದ್ದವಳು ಅವಳೇ. ಆ ವಾರ ಅಂಗಡಿಯಲ್ಲಿ ಎಲ್ಲರೂ "ನಿಮ್ಮ ಡ್ರೈವರ್ ಎಷ್ಟು ಗಂಟೆಗೆ ಬರ್ತಾರೆ?" ಎಂದು ನನ್ನನ್ನು ಆಡಿಕೊಂಡಿದ್ದರು. ನೋಟೀಸನ್ನು ಅವಳಿಗೆ ತೋರಿಸದೆ ಹರಿದು ಹಾಕಿದೆ. ಅವಳು ಎರಡು ತಿಂಗಳು ಅಂಚೆಯವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು. ಕಚೇರಿಗೆ ಹೋಗಿ ವಿಚಾರಿಸಿ ಬರುತ್ತೇನೆಂದು ಹೇಳಿ, ನಾನು ಹೋಗಲೂ ಇಲ್ಲ. ಗಡುವು ಮುಗಿಯಿತು, ಇನ್ನು ಮೊದಲಿನಿಂದ ಪರೀಕ್ಷೆ ಕೊಡಬೇಕಿತ್ತು. "ಇರಲಿ ಬಿಡಿ, ಮಗು ಇದೆಯಲ್ಲ" ಎಂದಳು. ಮುಂದಿನ ತಿಂಗಳು ಕಾರು ಮಾರಿದೆ. ಇದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಈ ಕಾಗದ ನಿನ್ನ ಕೈ ಸೇರುವುದರೊಳಗೆ ಹೇಳಿರುತ್ತೇನೆ. ಇನ್ನು ತಪ್ಪಿಸಿಕೊಳ್ಳಲು ಆಗಬಾರದೆಂದೇ ನಿನಗೆ ಮೊದಲು ಬರೆದಿದ್ದೇನೆ.