ನೀಲಿ ಡ್ರಮ್ಮಿನ ಮೇಲಿನ ಅಕ್ಷರ

ಚೌಡೇಶ,

ಯಳಂದೂರಿನಿಂದ ಬಂದ ತಕ್ಷಣ ಇದನ್ನು ಓದು. ಅಡುಗೆಮನೆಯ ನೀಲಿ ಡ್ರಮ್ಮಿನ ನೀರು ಕುಡಿಯಬೇಡ, ಬಾಯಿಯನ್ನೂ ಮುಕ್ಕಳಿಸಬೇಡ. ಅವ್ವ ಬೆಳಗ್ಗೆಯಿಂದ ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ರೇಷ್ಮೆಗೆ ಬಣ್ಣ ಹಾಕುವವರಿಂದ ನೀನು ಆ ಖಾಲಿ ಡ್ರಮ್ ತಂದ ದಿನ, ಅದರ ಮೇಲಿದ್ದ ಚೀನೀ ಅಕ್ಷರಕ್ಕೆ ಫೋನ್ ಹಿಡಿದು ನೋಡಿದ್ದೆವಲ್ಲ? 毒. ವಿಷ ಅಂತ ಬಂತು. ನಾನು ಹೆದರಿದ್ದಕ್ಕೆ ನೀನು ನಕ್ಕು, "ಆಸ್ಪತ್ರೆ ತೊಳ್ಯೋ ಔಸ್ದಿ ಮೇಲೂ ಇದೇ ಅಕ್ಸರ ಇರ್ತದೆ ಕಣಕ್ಕ, ವಿಸ ತೆಗೆಯೋದು ಅಂತ" ಅಂದೆ.

ನೀನು ಹೇಳಿದ್ದು ಸುಳ್ಳಲ್ಲ. ಅದರ ಎಡಕ್ಕೆ 消 ಇದ್ದರೆ ವಿಷ ತೆಗೆಯುವುದು ಅಂತಲೇ ಅರ್ಥ. ಆದರೆ ಇವತ್ತು ಎಡಗಡೆ ಮೆತ್ತಿದ್ದ ಬಣ್ಣ ಕೆರೆದು ನೋಡಿದೆ. ಅಲ್ಲಿರುವುದು 有. ಮತ್ತೆ ಫೋನ್ ಹಿಡಿದೆ; ಎರಡೂ ಸೇರಿದರೆ ‘ವಿಷವಿದೆ’ ಅಂತ.

ನೀರನ್ನು ಮೋರಿಗೆ ಚೆಲ್ಲಬೇಡ. ಬರಿಗೈಯಲ್ಲಿ ಮುಟ್ಟದೆ ಒಂದು ಬಾಟಲಿ ತುಂಬಿಕೊಂಡು ಬಾ, ಡಾಕ್ಟರಿಗೆ ತೋರಿಸಬೇಕು.

ಅದಕ್ಕೂ ಮೊದಲು ಪಕ್ಕದ ಗೋವಿಂದಯ್ಯನವರ ಮನೆಗೆ ಓಡು. ನಲ್ಲಿ ಬರಲಿಲ್ಲವೆಂದು ಅವ್ವ ಬೆಳಗ್ಗೆ ಎದ್ದ ಕೂಡಲೇ ಅವರಿಗೂ ಇದೇ ನೀರು ಒಂದು ಕೊಡ ಕೊಟ್ಟಿದ್ದಾಳೆ. ಎಷ್ಟು ಬಡಿದರೂ ಬಾಗಿಲು ತೆಗೆಯಲಿಲ್ಲ. ಒಳಗೆ ಟಿವಿ ಓಡುತ್ತಿದೆ.

ಅಕ್ಕ