ಅಡುಗೆಮನೆಯ ಕಿಟಕಿಯಿಂದ ಮೂರು ನಿಮಿಷ

ಹುವಾನ್ ಕಣಿವೆ, ಟಾಸ್ಮೇನಿಯಾ
ಭಾನುವಾರ, 11 ಏಪ್ರಿಲ್ 2021

ಗೆದ್ದ ತಂಗಿ ನೋರೀನ್‌ಗೆ,

ಸೋತ ಅಕ್ಕನ ಅಭಿನಂದನೆಗಳು. ನಾನು ಕ್ಷೇಮ. ನೀನು ಹೇಗಿದ್ದೀಯೋ ಗೊತ್ತಿಲ್ಲ. ಗೊತ್ತಾಗಲು ನೀನು ಫೋನ್ ಮಾಡಿದರೆ ತಾನೆ? ಐವತ್ತು ವರ್ಷ ಪ್ರತಿ ಭಾನುವಾರ ಸಂಜೆ ಆರಕ್ಕೆ ತಪ್ಪದೆ ಬಡಿದುಕೊಳ್ಳುತ್ತಿದ್ದ ಫೋನು ಅಕ್ಟೋಬರಿನಿಂದ ಬಾಯಿ ಬಿಟ್ಟಿಲ್ಲ. ಮೊದಲ ಕೆಲವು ವಾರ ಅದರ ಪಕ್ಕದಲ್ಲೇ ಗಾಲಿಕುರ್ಚಿ ನಿಲ್ಲಿಸಿಕೊಂಡು ಕಾದೆ. ನಾನೇ ಮಾಡಬಹುದಿತ್ತು, ಒಪ್ಪಿದೆ. ಮಾತು ಬಿಟ್ಟವಳು ಅವಳು, ನಾನೇಕೆ ಮೊದಲು ಬಾಗಲಿ ಎಂಬ ಜಂಬ. ಹಠದ ವಿಷಯದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಯಾರೂ ಸಾಕ್ಷಿ ಹೇಳಬೇಕಿಲ್ಲ. ಫೋನಾದರೆ ಕುಕ್ಕಿಬಿಡುತ್ತೀಯ. ಕಾಗದವನ್ನು ಹರಿದರೂ ಓದಿಯೇ ಹರಿಯುವವಳು ನೀನು. ಅದಕ್ಕೇ ಬರೆಯುತ್ತಿದ್ದೇನೆ.

ದಯಾಮರಣದ ಕಾನೂನು ಪಾಸಾಯಿತೆಂದು ರೇಡಿಯೋದಲ್ಲಿ ಕೇಳಿದೆ. ವಾಸಿಯಾಗದ ಕಾಯಿಲೆಯವರು ತಾವಾಗಿ ಕೇಳಿಕೊಂಡರೆ ವೈದ್ಯರು ಸಾಯಲು ನೆರವಾಗಬಹುದಂತೆ. ಲಾನ್ಸೆಸ್ಟನ್ನಿನ ಕೊರೆಯುವ ಚಳಿಯಲ್ಲಿ ಅಂಗಡಿಗಳ ಬಾಗಿಲಲ್ಲಿ ನಿಂತು ಇದಕ್ಕಾಗಿ ನೀನು ಸಹಿ ಕೂಡಿಸಿದ್ದೀಯ. ನಿನ್ನ ಪಕ್ಷ ಗೆದ್ದಿತು, ಸರಿ. ಸುದ್ದಿ ಕೇಳಿ ನಾನು ಒಂದಿಷ್ಟು ಅತ್ತೆ, ಆಮೇಲೆ ಹಸಿವಾಯಿತು, ಎರಡು ಟೋಸ್ಟ್ ತಿಂದೆ. ಕೈ ಎತ್ತಿದವರು ಹೆಚ್ಚಾದರೆಂದು ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಇದು ತಪ್ಪು ಕಾನೂನು ಎಂದು ಈಗಲೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ.

ಆದರೆ ನೀನು ನನ್ನ ಮೇಲೆ ಮುನಿಸಿಕೊಂಡದ್ದು ಪತ್ರಿಕೆಯ ನಾಲ್ಕು ಸಾಲು ಓದಿ. ‘ಗಾಲಿಕುರ್ಚಿಯ ವೃದ್ಧೆಯಿಂದ ಮಸೂದೆಗೆ ವಿರೋಧ’ ಎಂದಷ್ಟೇ ಇತ್ತು ಅದರಲ್ಲಿ. ಓದಿದವಳೇ ಫೋನ್ ಮಾಡಿ, “ಮರ್ವಿನ್ ನರಳಿದ್ದು ನಿನ್ ಕಣ್ಣಿಗ್ ಬೀಳಲೇ ಇಲ್ವಾ?” ಎಂದು ಕುಕ್ಕಿದೆ. ಎಲುಬಿನ ಕ್ಯಾನ್ಸರಿನಲ್ಲಿ ಹನ್ನೊಂದು ವಾರ ನರಳಿ ಹೋದ ನಿನ್ನ ಗಂಡನ ಹೆಸರನ್ನು ನಾನು ಸಭೆಯಲ್ಲಿ ಎತ್ತಲೇ ಇಲ್ಲ ಕಣೇ. ಏನು ನಡೆಯಿತೆಂದು ನನ್ನ ಬಾಯಿಂದ ಕೇಳು. ನಗು ಬರದಿದ್ದರೆ ನನ್ನ ಹೆಸರು ಬದಲಾಯಿಸು.

ನಮ್ಮ ಕ್ಷೇತ್ರದ ಶಾಸನಸಭಾ ಸದಸ್ಯೆ ಊರಿಗೆ ಬಂದು ಜನರ ಅಭಿಪ್ರಾಯ ಕೇಳುತ್ತಾಳೆ, ಒಬ್ಬೊಬ್ಬರಿಗೆ ಮೂರು ನಿಮಿಷ ಎಂದು ಡಂಗುರವಾಗಿತ್ತು. ನಮ್ಮ ಸಭಾಭವನ ನಿನಗೆ ಗೊತ್ತಲ್ಲ, ಮುಂಬಾಗಿಲಿಗೆ ಐದು ಮೆಟ್ಟಿಲು. ನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ನನ್ನ ಕಾಲು ತೆಗೆದುಕೊಂಡ ಮೇಲೆ ಅಪ್ಪ ನನ್ನನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದರು. ಈಗ ಬ್ಯಾಟರಿ ಕುರ್ಚಿಯೂ ಸೇರಿ ನನ್ನದು ಒಂದು ಎಳೆ ಹೋರಿಯ ತೂಕ. ಎತ್ತುವ ಗಂಡಸು ಈ ಕಣಿವೆಯಲ್ಲಿ ಹುಟ್ಟಿಲ್ಲ.

ಕರೆದುಕೊಂಡು ಹೋದವನು ಮುದುಕರ ಬಸ್ಸು ಓಡಿಸುವ ಕೆಲ್ವಿನ್. ಅವನು ನಿನ್ನ ಪಕ್ಷ. ಕುರ್ಚಿಯನ್ನು ಬಸ್ಸಿಗೆ ಏರಿಸಿ ಕೊಂಡಿ ಬಿಗಿಯುತ್ತ, “ಗ್ಲೆನಿಸ್, ಇವತ್ತು ನಿನ್ ವಿರುದ್ಧ ಮಾತಾಡೋನು ನಾನೇ. ಈಗ ಬೆಲ್ಟ್ ಹಾಕ್ಕೋ. ದಾರೀಲಿ ನಿಂಗೇನಾದ್ರೂ ಆದ್ರೆ, ವಾದದಲ್ಲಿ ಸೋಲೋ ಭಯಕ್ಕೆ ನಾನೇ ನಿನ್ನ ಮುಗಿಸ್ದೆ ಅಂತಾರೆ” ಎಂದ. “ಮಾತಾಡೋಕ್ ನಿಂಗ್ ಬರುತ್ತಾ? ಬಸ್ಸಲ್ಲಿ ಬರೀ ಗೊಣಗ್ತೀಯ ಅಂದ್ಕೊಂಡಿದ್ದೆ” ಎಂದೆ ನಾನು. ಹೀಗೆ ಕಚ್ಚಾಡುತ್ತಲೇ ಭವನ ತಲುಪಿದೆವು.

ಹಿಂಬಾಗಿಲು ಅಡುಗೆಮನೆಯದು. ಕೆಲ್ವಿನ್ ಹೊಸಿಲಿಗೆ ಎರಡು ಹಲಗೆ ಹಾಸಿ ನನ್ನನ್ನು ಒಳಗೆ ನೂಕಿದ. ಒಳಗೆ ವಾಲ್‌ಮೈ ಇದ್ದಳು. ಮೂವತ್ತು ವರ್ಷದಿಂದ ಆ ಅಡುಗೆಮನೆಯ ದಂಡನಾಯಕಿ. ಸದಸ್ಯೆ ಬರಲಿ, ರಾಣಿಯೇ ಬರಲಿ, ಟೀ ಯಾವಾಗ ಕೊಡಬೇಕೆಂದು ಹೇಳುವವಳು ಅವಳೇ. ಅಡುಗೆಮನೆಯಿಂದ ಸಭೆಗೆ ಹೋಗುವ ಬಾಗಿಲಿಗೆ ಬಂದರೆ ನನ್ನ ಕುರ್ಚಿ ಎರಡು ಬೆರಳು ಅಗಲ ಹೆಚ್ಚಾಯಿತು. ಹಿಂದೆ ಬಂದೆ, ಓರೆಯಾಗಿ ಹೋದೆ, ಗೋಡೆಯ ಬಣ್ಣ ಕೆರೆದೆ. “ಎಡಕ್ಕೆ, ಎಡಕ್ಕೆ! ಅಯ್ಯೋ, ನನ್ ಕೇಕಿನ ಮೇಲೆ ಮೊಣಕೈ ಇಟ್ಟೀಯ ಜೋಕೆ!” ಎಂದು ವಾಲ್‌ಮೈ ಕಿರುಚುತ್ತಿದ್ದಳು. ತೆಂಗಿನ ತುರಿಯಲ್ಲಿ ಹೊರಳಿಸಿದ ಚಾಕಲೇಟ್ ಲ್ಯಾಮಿಂಗ್ಟನ್ನುಗಳು ಹತ್ತು ತಟ್ಟೆ ತುಂಬ. ಕೆಲ್ವಿನ್ ಕುರ್ಚಿಯ ಕೈಯನ್ನೇ ಬಿಚ್ಚುತ್ತೇನೆಂದು ಸ್ಕ್ರೂಡ್ರೈವರ್ ಹುಡುಕಲು ಓಡಿದ. ಅಷ್ಟರಲ್ಲಿ ಆಚೆಯಿಂದ ನನ್ನ ಹೆಸರು ಕೂಗಿದರು.

ವಾಲ್‌ಮೈ ಕೈ ಒರೆಸಿಕೊಂಡು, ಟೀ ಕೊಡುವ ಕಿಟಕಿಯ ಕದವನ್ನು ದಢಾರೆಂದು ಮೇಲಕ್ಕೆ ಸರಿಸಿಬಿಟ್ಟಳು. ಕೊರೋನಾದ ದೆಸೆಯಿಂದ ಮಾರು ಮಾರು ದೂರ ಕೂತಿದ್ದ ಊರೆಲ್ಲ ತಿರುಗಿ ನೋಡಿತು. ಕಿಟಕಿಯಲ್ಲಿ ನನ್ನ ತಲೆ, ಹೆಗಲು, ಮುಂದೆ ಸಾಲಾಗಿ ಕೇಕು. ಯಾರೋ, “ಟೀ ಈಗ್ಲೇ ಕೊಡ್ತೀರಾ?” ಎಂದು ಎದ್ದೇ ಬಿಟ್ಟರು.

ವಾರವೆಲ್ಲ ಬರೆದು ತಿದ್ದಿದ ಭಾಷಣ ನನ್ನ ತೊಡೆಯ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟೆ. “ಟೀ ಆಮೇಲೆ. ಮೊದ್ಲು ನನ್ ಮಾತು ಕೇಳಿ. ಈ ಭವನಕ್ಕೊಂದು ರ‍್ಯಾಂಪ್ ಹಾಕ್ಸಿ ಅಂತ ಇಪ್ಪತ್ತೆರಡು ವರ್ಷದಿಂದ ಕೇಳ್ತಾ ಇದೀನಿ. ನೋಡೋಣ, ನೋಡೋಣ ಅಂತಾರೆ. ನನ್ನಂಥೋರು ಲೋಕ ಬಿಟ್ಟು ಹೋಗೋಕೆ ದಾರಿ ಮಾಡೋಕೆ ನಿಮಗೆಲ್ಲ ಎಷ್ಟು ಅವಸರ! ಒಳಗ್ ಬರೋ ದಾರಿಗೆ ಮಾತ್ರ ಯಾರಿಗೂ ಅವಸರ ಇಲ್ಲ” ಎಂದೆ. ಸದಸ್ಯೆ ಪೆನ್ನು ತೆಗೆದಳು.

ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ದೊಡ್ಡಾಸ್ಪತ್ರೆ ಸೇರಿದ್ದೆನಲ್ಲ, ಅಲ್ಲಿ ನಡೆದದ್ದನ್ನೂ ಹೇಳಿದೆ. ನಿನಗೆ ಹೇಳಿರಲಿಲ್ಲ, ನೀನು ಅಲ್ಲಿಗೆ ಹೋಗಿ ರಂಪ ಮಾಡುತ್ತೀಯೆಂದು. ಎಳೆಯ ಡಾಕ್ಟರೊಬ್ಬ ಹಾಸಿಗೆಯ ಅಂಚಿನಲ್ಲಿ ಕೂತು, ನನ್ನ ಕೈ ಹಿಡಿದು, ಬಹಳ ಮರುಕದಿಂದ, “ಉಸಿರಾಟದ ಮಶೀನ್ ಬೇಡ ಅಂತ ಬರ‍್ಕೊಳ್ಳಲಾ? ಇಷ್ಟು ವರ್ಷ ಈ ಸ್ಥಿತೀಲಿ... ನಿಮಗೂ ಸಾಕಾಗಿರ್ಬೇಕು” ಎಂದ. ಎಷ್ಟು ಒಳ್ಳೆಯ ಹುಡುಗನೆಂದರೆ, ಅವನ ಕಣ್ಣಲ್ಲಿ ನೀರೇ ಇತ್ತು. “ಮಗಾ, ಶನಿವಾರ ಮಹಿಳಾ ಸಂಘದ ಕಿತ್ತಳೆ ಮಾರ್ಮಲೇಡ್ ಸ್ಪರ್ಧೆ. ತೀರ್ಪು ಕೊಡೋಳು ನಾನು. ಮೂವತ್ನಾಲ್ಕು ಬಾಟ್ಲಿ ನನ್ನ ಕಾಯ್ತಾ ಇವೆ. ಮಶೀನ್ ಹಾಕು, ಬೇಗ ಹಾಕು” ಎಂದೆ. ಹಾಕಿದ. ಶನಿವಾರಕ್ಕೆ ಆಗಲಿಲ್ಲ. ಅವರು ಸ್ಪರ್ಧೆಯನ್ನೇ ಮೂರು ವಾರ ಮುಂದೂಡಿದರು.

ನೀನು ಏನೆನ್ನುತ್ತೀಯೆಂದು ಬಲ್ಲೆ. ಕಾನೂನು ಸಾವಿನ ಹೊಸ್ತಿಲಲ್ಲಿರುವವರಿಗೆ ಮಾತ್ರ, ನಿನ್ನಂಥವರ ಹೆಸರೇ ಅದರಲ್ಲಿಲ್ಲ ಎನ್ನುತ್ತೀಯ. ಕಾಗದದಲ್ಲಿ ಇಲ್ಲ, ನಿಜ. ಆ ಡಾಕ್ಟರನ ಕಣ್ಣಲ್ಲಿ ಇತ್ತು. ಇದನ್ನೇ ಸಭೆಯಲ್ಲಿ ಹೇಳುತ್ತಿದ್ದಾಗ ಸದಸ್ಯೆಯ ಸಹಾಯಕ ಗಂಟೆ ಬಾರಿಸಿ ಮೂರು ನಿಮಿಷ ಮುಗಿಯಿತೆಂದ. ವಾಲ್‌ಮೈ ನನ್ನ ಹಿಂದಿನಿಂದ ತಲೆ ತೂರಿಸಿ, “ನನ್ ಕಿಟಕಿ, ನನ್ ಟೈಮು. ಇವ್ಳು ಮುಗಿಸೋವರ್ಗೂ ಯಾರಿಗೂ ಟೀ ಇಲ್ಲ” ಎಂದಳು. ಇನ್ನೂ ಎರಡು ನಿಮಿಷ ಸಿಕ್ಕಿತು.

ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ಮೆಲ್ಲಗೆ, “ಗ್ಲೆನಿಸ್, ತಪ್ಪು ತಿಳೀಬೇಡ. ನಿನಗೇ ಯಾವತ್ತೂ ಸಾಕು ಅನ್ಸಿಲ್ವಾ?” ಎಂದು ಕೇಳಿದರು. “ಅನ್ಸಿದೆ ಮೇಷ್ಟ್ರೇ, ವಾಲ್‌ಮೈ ಕೇಕು ನಾಲ್ಕನೇದು ತಿಂದಾಗ” ಎಂದೆ. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು. ವಾಲ್‌ಮೈ ನನ್ನ ಬೆನ್ನಿಗೆ ಗುದ್ದಿದಳು.

ನನ್ನ ನಂತರ ಕೆಲ್ವಿನ್. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಅವನ ಅಪ್ಪ ಕೊನೆಯ ತಿಂಗಳು ಹೇಗೆ ಕೂಗುತ್ತಿದ್ದರೆಂದು ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟುಬಿಟ್ಟ. ಯಾರೂ ಗಂಟೆ ಬಾರಿಸಲಿಲ್ಲ. ಅವನು ಸೀದಾ ಕಿಟಕಿಯ ಹತ್ತಿರ ಬಂದ, ನಾನು ಒಂದು ಲ್ಯಾಮಿಂಗ್ಟನ್ ಕೊಟ್ಟೆ, ತಿಂದ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಮತ್ತೆ ವಾದಕ್ಕೆ ಕೂತು ನನ್ನ ತಿರುವನ್ನೇ ದಾಟಿ ಎರಡು ಮೈಲಿ ಹೋಗಿಬಿಟ್ಟೆವು. ಅವನು ಹೇಳಿದ್ದು ಸುಳ್ಳೆಂದು ನನಗೆ ಒಂದು ಕ್ಷಣವೂ ಅನ್ನಿಸಿಲ್ಲ, ನೋರೀನ್. ಆದರೂ ನಾನು ಒಪ್ಪಲಿಲ್ಲ. ಅವನೂ ಒಪ್ಪಲಿಲ್ಲ. ಗುರುವಾರ ಎಂದಿನಂತೆ ಅಂಗಡಿಗೆ ಕರೆದುಕೊಂಡು ಹೋಗಲು ಬಂದ.

ಈಗ ಸಿಹಿ ಸುದ್ದಿ. ಫೆಬ್ರವರಿಯಲ್ಲಿ ಸಭಾಭವನಕ್ಕೆ ರ‍್ಯಾಂಪು ಬಂತು! ಅಚ್ಚ ಕಾಂಕ್ರೀಟಿನದು, ಮುಂಬಾಗಿಲಿಗೇ. ವಾಲ್‌ಮೈ ಬ್ರೆಡ್ ಕೊಯ್ಯುವ ಚಾಕುವಿನಿಂದ ರಿಬ್ಬನ್ ಕತ್ತರಿಸಿದಳು. ನಾನು ಪೂರ್ತಿ ವೇಗದಲ್ಲಿ ಹತ್ತಿದೆ, ಹತ್ತಿ ಇಳಿದೆ, ಮತ್ತೆ ಹತ್ತಿದೆ. ಶಾಲೆಯ ಮಕ್ಕಳು ತಮ್ಮ ಸರದಿ ಯಾವಾಗ ಎಂದು ಗಲಾಟೆ ಮಾಡಿದರು. ಕಾನೂನಿನಲ್ಲಿ ಸೋತೆ, ರ‍್ಯಾಂಪಿನಲ್ಲಿ ಗೆದ್ದೆ. ಎಪ್ಪತ್ತನಾಲ್ಕರ ಮುದುಕಿಗೆ ಇದೇನು ಕಡಿಮೆಯೆ?

ಅಮ್ಮ ನೆಟ್ಟ ಕ್ವಿನ್ಸ್ ಮರ ಈ ವರ್ಷ ಕೊಂಬೆ ಬಾಗುವಷ್ಟು ಬಿಟ್ಟಿದೆ. ಮನೆಯೆಲ್ಲ ಆ ಹಳದಿ ಹಣ್ಣಿನ ವಾಸನೆ. ಜೆಲ್ಲಿ ಮಾಡಲು ಇಬ್ಬರು ಬೇಕು. ನನ್ನ ಕೈಗೆ ಈಗ ಸೌಟು ತಿರುಗಿಸುವ ಶಕ್ತಿ ಇಲ್ಲ, ನಿನಗೆ ಪಾಕ ಯಾವಾಗ ಬಂತೆಂದು ಇಂದಿಗೂ ತಿಳಿಯುವುದಿಲ್ಲ. ನೀನು ತಿರುಗಿಸು, ನಾನು ಬೈಯುತ್ತೇನೆ. ಕಾನೂನಿನ ಮಾತು ಎತ್ತಬಾರದೆಂದರೆ ಎತ್ತುವುದಿಲ್ಲ. ಎತ್ತು ಎಂದರೆ ಬೆಳಗಿನವರೆಗೂ ಜಗಳವಾಡಲು ಸಿದ್ಧ. ನೀನು ಹೇಗೆ ಬಂದರೂ ಸರಿಯೇ. ನೀನಿಲ್ಲದ ಭಾನುವಾರ ನನಗೆ ಇನ್ನೊಂದು ಬೇಡ.

ಸದ್ಯಕ್ಕೆ ಎಲ್ಲಿಗೂ ಹೊರಡುವ ಯೋಚನೆಯಿಲ್ಲದ
ನಿನ್ನ ಅಕ್ಕ,
ಗ್ಲೆನಿಸ್

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಮೇಷ್ಟ್ರ ಪ್ರಶ್ನೆಗೆ ನಿಜವಾದ ಉತ್ತರ ಹೌದು ಎಂದು. ನೀನು ಮದುವೆಯಾಗಿ ಹೋದ ವರ್ಷ, 1971ರಲ್ಲಿ. ನನಗೆ ಇಪ್ಪತ್ತನಾಲ್ಕು. ನನ್ನನ್ನು ಎತ್ತಿ ಕೂರಿಸುವಾಗ ಅಮ್ಮ ಬೆನ್ನುನೋವಿಗೆ ಹಲ್ಲು ಕಚ್ಚುವುದು ನನಗೆ ತಿಳಿಯುತ್ತಿತ್ತು. ನಾನಿಲ್ಲದಿದ್ದರೆ ಅವಳಿಗೆ ಬಿಡುಗಡೆ ಎನ್ನಿಸಿತು. ಊರಿನ ಹಳೆಯ ಡಾಕ್ಟರನ್ನು ನೇರವಾಗಿ ಕೇಳಿದೆ, ನನ್ನನ್ನು ಮುಗಿಸಿಬಿಡಿ ಎಂದು. ಸಹಿ ಹಾಕುವ ಕಾಗದವೊಂದು ಅಂದು ಇದ್ದಿದ್ದರೆ ಹಾಕಿಬಿಡುತ್ತಿದ್ದೆ, ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ. “ಕಾನೂನು ಬಿಡಲ್ಲಮ್ಮ” ಎಂದರು ಅವರು. ಅಮ್ಮನಿಗೆ ಹೇಳಲಿಲ್ಲ. ನಿನ್ನ ಗಂಡನಿಗೆ ಫೋನ್ ಮಾಡಿದರು.

ಆ ವರ್ಷ ಫುಟ್‌ಬಾಲ್ ಪಂದ್ಯಗಳ ಕಾಲವೆಲ್ಲ ಮರ್ವಿನ್ ಶನಿವಾರ ಬಂತೆಂದರೆ ಬೆಳಗ್ಗೆಯೇ ಮನೆ ಬಿಡುತ್ತಿದ್ದನಲ್ಲ, ಹೊಸ ಹೆಂಡತಿಗಿಂತ ಅವನಿಗೆ ಫುಟ್‌ಬಾಲೇ ಹೆಚ್ಚಾಗಿತ್ತೆಂದು ನೀನು ಅವನ ಕೊನೆಯವರೆಗೂ ಹಂಗಿಸಿದೆಯಲ್ಲ, ಅವನು ಒಂದು ಆಟವನ್ನೂ ನೋಡಲಿಲ್ಲ ಕಣೇ. ಮೂರು ಗಂಟೆ ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದ. ನನ್ನನ್ನು ಆಲೂಗಡ್ಡೆ ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಕಾರಿಗೆ ತುಂಬಿ, ನದಿ, ಸಮುದ್ರ, ದನದ ಸಂತೆ, ಕಂಡಕಂಡಲ್ಲಿಗೆ ಒಯ್ಯುತ್ತಿದ್ದ. ಒಂದು ದಿನವೂ ಉಪದೇಶ ಮಾಡಲಿಲ್ಲ. ಹೊರಡುವಾಗ “ಮುಂದಿನ ಶನಿವಾರ ರೆಡಿಯಾಗಿರು” ಎನ್ನುತ್ತಿದ್ದ, ಅಷ್ಟೇ. ಯಾರಿಗೂ ಹೇಳಬಾರದೆಂದು ನಾನೇ ಆಣೆ ಹಾಕಿಸಿದ್ದೆ. ನಿನ್ನ ಬೈಗುಳವನ್ನೆಲ್ಲ ನುಂಗಿಕೊಂಡು ಆ ಆಣೆ ಉಳಿಸಿದ. ಅವನೇ ಹಾಸಿಗೆ ಹಿಡಿದು, “ಇನ್ನಾಗಲ್ಲ ಗ್ಲೆನಿಸ್” ಎಂದು ಫೋನಿನಲ್ಲಿ ಹೇಳಿದಾಗ ಅವನಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಇಬ್ಬರೂ ಅತ್ತೆವು. ಹಾಗಾಗಿ ನೀನು ಯಾಕೆ ಸಹಿ ಕೂಡಿಸಿದೆ ಎಂದು ನನಗೆ ಅರ್ಥವಾಗದೆ ಇಲ್ಲ.

ಇಪ್ಪತ್ತಮೂರು ಶನಿವಾರ, ನೋರೀನ್. ನಿನಗೆ ಗೊತ್ತಿಲ್ಲದ ಮರ್ವಿನ್ ಇಷ್ಟೂ ನನ್ನ ಹತ್ತಿರ ಇದ್ದಾನೆ. ಎಲ್ಲವನ್ನೂ ಹೇಳಿ ಮುಗಿಸಲು ಒಂದು ವಾರವಾದರೂ ಬೇಕು. ಬಟ್ಟೆ ಹೆಚ್ಚಿಗೆ ತುಂಬಿಕೊಂಡು ಬಾ.