ಅರ್ಧಕ್ಕೆ ಇಳಿಸಿದ ಬಾವುಟ

ಸ್ಕಾರ್ವೊಯ್ ದ್ವೀಪ, ಉತ್ತರ ನಾರ್ವೆ
೯ ಡಿಸೆಂಬರ್ ೧೯೯೪

ಮಗ ಎಯ್ಲಿಫ್‌ಗೆ ಅಮ್ಮನ ಆಶೀರ್ವಾದ.

ನಾನು ಗಟ್ಟಿಯಾಗಿದ್ದೇನೆ. ಓಸ್ಲೋದಲ್ಲಿ ನೀನೂ ಸೊಸೆಯೂ ಮೊಮ್ಮಕ್ಕಳೂ ಕ್ಷೇಮವೆಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ತಪ್ಪು ತಿಳಿಯಬೇಡ. ಮತ ಎಣಿಸಿ ಹತ್ತು ದಿನವಾದರೂ ಊರವರು ನನ್ನ ಅಡುಗೆಮನೆ ಬಿಟ್ಟು ಏಳುತ್ತಿಲ್ಲ. ನಮ್ಮ ದ್ವೀಪದಲ್ಲಿ ಯುರೋಪಿನ ಒಕ್ಕೂಟ ಸೇರುವುದು ಬೇಡ ಎಂದವರು ಇನ್ನೂರ ಹನ್ನೆರಡು, ಬೇಕೆಂದವರು ಒಂಬತ್ತು. ಆ ಒಂಬತ್ತರಲ್ಲಿ ಎಂಟು ಜನಕ್ಕೆ ಕಾಫಿ ನಿಲ್ಲಿಸಿದ್ದೇನೆ. ಒಂಬತ್ತನೆಯವರು ಪಾದ್ರಿ, ನನ್ನ ಹೆಣಕ್ಕೆ ಬೇಕಾಗುತ್ತಾರೆ.

ನಿನ್ನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಸೊಸೆ ಫೋನಿನಲ್ಲಿ ಹೇಳಿದಳು. ಇಳಿಯದಿದ್ದರೆ ಬೇಡ. ಡೇನರ ಜೊತೆ ನಾನೂರು ವರ್ಷ, ಸ್ವೀಡನ್ನಿನವರ ಜೊತೆ ತೊಂಬತ್ತು ವರ್ಷ ಸಂಸಾರ ಮಾಡಿ ಬಿಡಿಸಿಕೊಂಡ ದೇಶಕ್ಕೆ ಮೂರನೇ ಗಂಡನನ್ನು ಹುಡುಕಲು ಹೊರಟವನು ನೀನು. ನಮ್ಮ ಕಡಲಿನ ಮಾತನ್ನು ಒಕ್ಕೂಟದ ಬ್ರಸೆಲ್ಸಿನವರೇ ತೀರ್ಮಾನಿಸಲಿ ಎಂದು ಪತ್ರಿಕೆಯಲ್ಲಿ ಬರೆದೆ. ಆ ಕಡಲಿನ ತಳದಲ್ಲಿ ನಿಮ್ಮಪ್ಪ ಮಲಗಿದ್ದಾನೆ. ಅದನ್ನು ಓದಿದ ದಿನವೇ ನಿನಗೆ ಬುದ್ಧಿ ಕಲಿಸಬೇಕೆಂದು ನಿರ್ಧರಿಸಿದೆ.

ಮತದಾನಕ್ಕೆ ವಾರ ಮೊದಲು, ಆ ಭಾನುವಾರ ಮಧ್ಯಾಹ್ನ ನೀನು ಊರಿಗೆ ಬಂದು ಸಭಾಮಂದಿರದಲ್ಲಿ ಭಾಷಣಕ್ಕೆ ನಿಂತೆ. ನಾನು ಅಂಗಳದ ಬಾವುಟವನ್ನು ಕಂಬದ ಅರ್ಧಕ್ಕೆ ಇಳಿಸಿದೆ. ಸಾವಿನ ಬಾವುಟ ಕಂಡರೆ ಈ ಊರಿನಲ್ಲಿ ಯಾರೂ ಕೂತಲ್ಲಿ ಕೂರುವುದಿಲ್ಲವೆಂದು ನಿನಗೂ ಗೊತ್ತು. ಪಕ್ಕದ ಮನೆಯ ಪೆತ್ರೀನೆ ನಿನ್ನ ಸಭೆಗೆ ಮಾಡಿದ ಕೆನೆಕೇಕನ್ನೂ ಎತ್ತಿಕೊಂಡೇ ಓಡಿಬಂದಳು.

“ಅಯ್ಯೋ ಗುಡ್ವೆಯಕ್ಕಾ, ನೀನು ಸತ್ತಿಲ್ವಾ?”

“ಯಾಕೆ, ಬೇಜಾರಾಯ್ತೇನೇ?”

“ಮತ್ತೆ ಹೋದೋರ್ಯಾರು?”

“ದೇಶ ಕಣೇ. ಇನ್ನೂ ಉಸಿರಾಡ್ತಿದೆ, ಇಪ್ಪತ್ತೆಂಟಕ್ಕೆ ಮತ ಹಾಕಿದ್ಮೇಲೆ ಗೊತ್ತಾಗುತ್ತೆ. ಕೂತ್ಕೋ, ಕೇಕು ಕುಯ್ಯಿ.”

ಟೋಪಿ ತೆಗೆದು ಅಳುಮೋರೆಯಲ್ಲಿ ಬಂದ ಗಂಡಸರೆಲ್ಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಆಮೇಲೆ ನೀನು ಬಂದೆ.

“ಅಮ್ಮಾ, ನಾಚಿಕೆ ಆಗಲ್ವಾ ನಿಂಗೆ? ಊರೆಲ್ಲ ನಗ್ತಿದೆ!”

“ನಗಲಿ ಬಿಡೋ. ನಿನ್ನ ಭಾಷಣ ಕೇಳಿ ಆಕಳಿಸೋದಕ್ಕಿಂತ ವಾಸಿ.”

ನೀನು ಕಾಫಿಯನ್ನೂ ಮುಟ್ಟದೆ ದೋಣಿ ಹತ್ತಿದೆ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ?

ದೇವರು ನಿನಗೆ ಒಳ್ಳೆಯ ಆರೋಗ್ಯ ಕೊಡಲಿ, ಮಕ್ಕಳಿಗೆ ಅವರಜ್ಜನ ಬುದ್ಧಿ ಕೊಡಲಿ.

ನಿನ್ನ ಅಮ್ಮ,
ಗುಡ್ವೆಯ್

ಮರೆತಿದ್ದೆ: ಕಾಫಿ ನಿಲ್ಲಿಸಿದ್ದಕ್ಕೆ ಜಗಳವಾಡಲು ನಿನ್ನೆ ಆ ಎಂಟರಲ್ಲೊಬ್ಬರಾದ ಶಾಲೆಯ ಮೇಷ್ಟ್ರು ಬಂದಿದ್ದರು. ಎಲ್ಲರೂ ಎದ್ದು ಓಡಿದ ಮೇಲೆ ನಿನ್ನ ಸಭೆಯಲ್ಲಿ ಉಳಿದವರು ಅವರೊಬ್ಬರೇ ಅಂತೆ. “ನಿಮ್ಮ ಮನೆ ಬಾವುಟ ಕಣಪ್ಪಾ” ಎಂದರಂತೆ. ನೀನು ಕಿಟಕಿಯಿಂದ ನೋಡಿದೆಯಂತೆ. “ಇನ್ನೆರಡೇ ಪುಟ ಮೇಷ್ಟ್ರೇ” ಎಂದು ಓದಿ ಮುಗಿಸಿದೆಯಂತೆ. ಈ ಮನೆಯಲ್ಲಿ ಸಾಯಲು ನನ್ನನ್ನು ಬಿಟ್ಟರೆ ಯಾರಿದ್ದಾರೆ, ಮಗನೇ? ನಾನು ನಿಜವಾಗಿ ಹೋದ ದಿನ ಬಾವುಟ ಇಳಿಸಬೇಡವೆಂದು ಪೆತ್ರೀನೆಗೆ ಹೇಳಿಟ್ಟಿದ್ದೇನೆ. ನೀನು ಪುಟಗಳನ್ನೆಲ್ಲ ನಿಧಾನವಾಗಿ ಓದಿಕೊ.